ಶಾಖೆಯ ಕೌಂಟರಿನಿಂದ ಶಿವಮೊಗ್ಗದ ಡೇಟಾಬೇಸಿಗೆ: ಸಂಪರ್ಕದ ಜೋಡಣೆ ಮತ್ತು ಪರೀಕ್ಷೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪುಟ ಯಾರಿಗಾಗಿ?

ನಮ್ಮ ಅಡಿಕೆ ಸಹಕಾರ ಸಂಘದ ಶಾಖೆಗಳಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಹೊಣೆ ಹೊತ್ತಿರುವವರಿಗಾಗಿ. ತೀರ್ಥಹಳ್ಳಿ, ಹೊಸನಗರ, ಸಾಗರ ಮತ್ತು ಕೊಪ್ಪದ ಕೌಂಟರುಗಳಲ್ಲಿ ರೈತರು ತಂದ ಮಾಲಿನ ತೂಕ, ದರ್ಜೆ, ಮುಂಗಡಗಳೆಲ್ಲವೂ ಶಿವಮೊಗ್ಗದ ಕೇಂದ್ರ ಕಚೇರಿಯ ಲಿನಕ್ಸ್ ಸರ್ವರಿನಲ್ಲಿರುವ ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿ ದಾಖಲಾಗುತ್ತವೆ. ಷೇರುದಾರರ ಹಳೆಯ ಲೆಕ್ಕ ಮಾತ್ರ ಇನ್ನೂ ಮೈಎಸ್‌ಕ್ಯೂಎಲ್‌ನಲ್ಲಿದೆ. ಆಜ್ಞೆಗಳನ್ನೂ ಕಡತಗಳ ಹೆಸರನ್ನೂ ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಕೊಡಬೇಕು.

ಇಂಟರ್ನೆಟ್ ಇದೆ, ಆದರೆ ನಮ್ಮ ಸಾಫ್ಟ್‌ವೇರ್ ಮಾತ್ರ ತೆರೆಯುತ್ತಿಲ್ಲ. ರೂಟರ್ ಆಫ್ ಮಾಡಿ ಆನ್ ಮಾಡಿದರೆ ಸಾಕೇ?

"ಸಾರ್, ಯೂಟ್ಯೂಬ್ ಚೆನ್ನಾಗಿ ಓಡ್ತದೆ, ನಮ್ಮದೊಂದೇ ಬರ್ತಿಲ್ಲ" ಎಂಬ ಫೋನು ವಾರಕ್ಕೊಂದಾದರೂ ಬರುತ್ತದೆ, ಮತ್ತು ಫೋನು ಬರುವಷ್ಟರಲ್ಲಿ ರೂಟರನ್ನು ಮೂರು ಸಲ ಆಫ್ ಮಾಡಿ ಆನ್ ಮಾಡಿ ಆಗಿರುತ್ತದೆ. ಯೂಟ್ಯೂಬ್ ಓಡುತ್ತಿದ್ದರೆ ರೂಟರಿನ ತಪ್ಪು ಬಹಳ ಕಡಿಮೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ ಆಗಬಾರದೆಂದರೆ ಮೊದಲು ಪರದೆಯ ಮೇಲೆ ಬಂದ ಸಂದೇಶವನ್ನು ಪೂರ್ತಿ ಓದಬೇಕು.

ಶಾಖೆಯ ಕಂಪ್ಯೂಟರ್ ಮೊದಲು ಸರ್ವರಿನ ಹೆಸರನ್ನು ಐಪಿ ವಿಳಾಸವಾಗಿ (ಯಂತ್ರದ ಅಂಕಿಗಳ ವಿಳಾಸ) ಬದಲಿಸಿಕೊಳ್ಳಬೇಕು. ಆ ವಿಳಾಸಕ್ಕೆ ದಾರಿ ಇರಬೇಕು. ದಾರಿಯಲ್ಲಿರುವ ಫೈರ್‌ವಾಲ್‌ಗಳು, ಅಂದರೆ ಯಾವ ಕರೆಯನ್ನು ಬಿಡಬೇಕೆಂದು ನೋಡುವ ಕಾವಲುಗಳು, ಬಿಡಬೇಕು. ಸರ್ವರಿನಲ್ಲಿ ತನಗೆ ಗೊತ್ತುಮಾಡಿದ ಪೋರ್ಟಿನಲ್ಲಿ (ಸಂಖ್ಯೆ ಹಾಕಿದ ಬಾಗಿಲು ಎಂದುಕೊಳ್ಳಿ) ಡೇಟಾಬೇಸ್ ಕಿವಿಗೊಟ್ಟು ಕುಳಿತಿರಬೇಕು. ಬಂದವರು ಯಾರು, ಎಲ್ಲಿಂದ ಬಂದರು ಎಂಬುದನ್ನು ಅದು ಒಪ್ಪಬೇಕು. ಕೊನೆಗೆ ಪಾಸ್‌ವರ್ಡ್ ಸರಿಯಿರಬೇಕು. ಈ ಆರರಲ್ಲಿ ಎಲ್ಲಿ ನಿಂತರೂ ಸಾಫ್ಟ್‌ವೇರ್ ತೋರಿಸುವುದು ಅದೇ ಕೆಂಪು ಪೆಟ್ಟಿಗೆ. ಆದರೆ ಪೆಟ್ಟಿಗೆಯೊಳಗಿನ ಮಾತು ಪ್ರತಿ ಹಂತಕ್ಕೂ ಬೇರೆ, ಆ ಮಾತಿನಿಂದಲೇ ಎಲ್ಲಿ ನಿಂತಿತೆಂದು ಗೊತ್ತಾಗುತ್ತದೆ.

'ಕನೆಕ್ಷನ್ ರೆಫ್ಯೂಸ್ಡ್' ಮತ್ತು 'ಕನೆಕ್ಷನ್ ಟೈಮ್ಡ್ ಔಟ್' ಎರಡೂ ಒಂದೇ ಅಲ್ಲವೇ?

ಅಲ್ಲ. ಈ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಸಮಯವಿದ್ದರೆ ಇದನ್ನೇ ಓದಿ.

'ರೆಫ್ಯೂಸ್ಡ್' ಎಂದರೆ ನಿಮ್ಮ ಕರೆ ಆ ಯಂತ್ರವನ್ನು ಮುಟ್ಟಿದೆ, ಅಲ್ಲಿಂದ 'ಈ ಪೋರ್ಟಿನಲ್ಲಿ ಯಾರೂ ಇಲ್ಲ' ಎಂಬ ಉತ್ತರವೂ ಬಂದಿದೆ. ಮನೆಯ ಬಾಗಿಲು ತಟ್ಟಿದಾಗ ಒಳಗಿನಿಂದ 'ಯಜಮಾನರು ಇಲ್ಲ' ಎಂದು ಹೇಳಿ ಕಳಿಸಿದ ಹಾಗೆ. ಹಾಗಾಗಿ ದಾರಿ ಸರಿಯಿದೆ. ಡೇಟಾಬೇಸ್ ಸೇವೆ ನಿಂತಿರಬಹುದು, ಬೇರೆ ಪೋರ್ಟಿನಲ್ಲಿರಬಹುದು, ಅಥವಾ ತನ್ನ ಯಂತ್ರದೊಳಗಿನವರಿಗೆ ಮಾತ್ರ ಕಿವಿಗೊಡುತ್ತಿರಬಹುದು. ಪೋರ್ಟಿಗೆ ಬೀಗ ಹಾಕಿದ ಕೆಲವು ಫೈರ್‌ವಾಲ್‌ಗಳೂ ಇದೇ ಉತ್ತರ ಕೊಡುವುದುಂಟು, ಆದರೆ ಅದು ಅಪರೂಪ. ಉತ್ತರ ಬೇಗ ಬರುತ್ತದೆ: ಲಿನಕ್ಸಿನಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ, ವಿಂಡೋಸಿನಲ್ಲಿ ಅದು ತಾನೇ ಮತ್ತೆ ಪ್ರಯತ್ನಿಸುವುದರಿಂದ ಒಂದೆರಡು ಸೆಕೆಂಡಿನಲ್ಲಿ.

'ಟೈಮ್ಡ್ ಔಟ್' ಎಂದರೆ ಉತ್ತರವೇ ಬರಲಿಲ್ಲ. ಕರೆಯನ್ನು ಫೈರ್‌ವಾಲ್ ಸದ್ದಿಲ್ಲದೆ ನುಂಗಿರಬಹುದು, ಐಪಿ ವಿಳಾಸ ತಪ್ಪಿರಬಹುದು, ಸರ್ವರ್ ಆರಿಹೋಗಿರಬಹುದು, ನಡುವೆ ವಿಪಿಎನ್ (ಶಾಖೆಯಿಂದ ಕೇಂದ್ರ ಕಚೇರಿಗೆ ಇಂಟರ್ನೆಟ್ಟಿನೊಳಗೇ ಹಾಕಿದ ಖಾಸಗಿ ಸುರಂಗ) ಕಡಿದಿರಬಹುದು. ಇದಕ್ಕೆ ಕಾಯಬೇಕಾಗುತ್ತದೆ: ವಿಂಡೋಸಿನಲ್ಲಿ ಸುಮಾರು 21 ಸೆಕೆಂಡ್, ಲಿನಕ್ಸಿನಲ್ಲಿ ಏನೂ ಬದಲಿಸದಿದ್ದರೆ ಎರಡು ನಿಮಿಷಕ್ಕೂ ಹೆಚ್ಚು. ಆದ್ದರಿಂದಲೇ ಪೋಸ್ಟ್‌ಗ್ರೆಸ್ ಸಂಪರ್ಕದ ಸಾಲಿನಲ್ಲಿ 'ಕನೆಕ್ಟ್ ಟೈಮ್‌ಔಟ್' ಎಂಬ ಆಯ್ಕೆಗೆ 10 ಸೆಕೆಂಡ್ ಕೊಟ್ಟಿದ್ದೇವೆ.

ವಿಂಡೋಸ್ ಸಂದೇಶದ ಕೊನೆಯಲ್ಲಿ ಒಂದು ಸಂಖ್ಯೆ ಇರುತ್ತದೆ: 10061 ಎಂದರೆ ರೆಫ್ಯೂಸ್ಡ್, 10060 ಎಂದರೆ ಟೈಮ್ಡ್ ಔಟ್. ಫೋನಿನಲ್ಲಿ ಈ ಸಂಖ್ಯೆ ಹೇಳಿದರೆ ಸಾಕು, ಅರ್ಧ ಕೆಲಸ ಮುಗಿದ ಹಾಗೆ. ಮೂರನೆಯದೊಂದಿದೆ, 'ನೋ ರೂಟ್ ಟು ಹೋಸ್ಟ್'. ಇದನ್ನು ಕಂಡು ಕೇಬಲ್ ಹುಡುಕಲು ಹೋಗುವವರಿದ್ದಾರೆ. ಆದರೆ ಫೈರ್‌ವಾಲ್‌ಡಿ ಎಂಬ ಫೈರ್‌ವಾಲ್ ಇರುವ ಲಿನಕ್ಸ್ ಯಂತ್ರಗಳು ಪೋರ್ಟ್ ಮುಚ್ಚಿದ್ದಾಗ ಕರೆಯನ್ನು ನುಂಗದೆ ತಿರಸ್ಕಾರದ ಉತ್ತರ ಕಳಿಸುತ್ತವೆ, ಅದು ನಿಮ್ಮ ಪರದೆಯಲ್ಲಿ ಈ ರೂಪದಲ್ಲಿ ಕಾಣುತ್ತದೆ.

ಪಿಂಗ್ ಬರುತ್ತಿದೆ. ಹಾಗಿದ್ದರೆ ಸಂಪರ್ಕ ಸರಿಯಿದೆ ಎಂದಲ್ಲವೇ?

ಪಿಂಗ್ ಐಸಿಎಂಪಿ ಎಂಬ ಬೇರೆಯೇ ವಿಧಾನದಲ್ಲಿ ಹೋಗುತ್ತದೆ. ಅದಕ್ಕೆ ಪೋರ್ಟ್ ಎಂಬುದೇ ಇಲ್ಲ. ಡೇಟಾಬೇಸಿಗೆ ಹೋಗುವುದು ಟಿಸಿಪಿ. ಪಿಂಗ್ ಬಂದರೆ ಯಂತ್ರ ಜೀವಂತವಿದೆ, ಅಷ್ಟೇ. ಪಿಂಗ್ ಬರದಿದ್ದರೂ ಡೇಟಾಬೇಸ್ ಬರಬಹುದು, ಏಕೆಂದರೆ ಎಷ್ಟೋ ಕಡೆ ಪಿಂಗನ್ನು ಬೇಕೆಂದೇ ನಿಲ್ಲಿಸಿರುತ್ತಾರೆ.

ಹಾಗಾದರೆ ಪೋರ್ಟ್ ತೆರೆದಿದೆಯೇ ಎಂದು ನೋಡುವುದು ಹೇಗೆ?

ಪೋಸ್ಟ್‌ಗ್ರೆಸ್‌ನ ವಾಡಿಕೆಯ ಪೋರ್ಟ್ 5432, ಮೈಎಸ್‌ಕ್ಯೂಎಲ್‌ನದು 3306. ಬೇರೆ ಕಡೆ ಕೆಲಸ ಮಾಡುವವರಿಗೆ ಎಸ್‌ಕ್ಯೂಎಲ್ ಸರ್ವರಿನ 1433, ಒರಾಕಲ್‌ನ 1521 ಕೂಡ ಎದುರಾಗುತ್ತವೆ. ವಿಂಡೋಸಿನಲ್ಲಿ ಪವರ್‌ಶೆಲ್ ತೆರೆದು 'ಟೆಸ್ಟ್-ನೆಟ್‌ಕನೆಕ್ಷನ್' ಆಜ್ಞೆಗೆ ಸರ್ವರಿನ ವಿಳಾಸವನ್ನೂ ಪೋರ್ಟ್ ಸಂಖ್ಯೆಯನ್ನೂ ಕೊಡಿ. ಕೊನೆಯ ಸಾಲಿನಲ್ಲಿ 'ಟ್ರೂ' ಎಂದು ಬಂದರೆ ದಾರಿ ತೆರೆದಿದೆ. ಟೆಲ್ನೆಟ್ ಹಳೆಯ ಅಭ್ಯಾಸವಾದರೂ ಈಗಿನ ವಿಂಡೋಸಿನಲ್ಲಿ ಅದನ್ನು ಪ್ರತ್ಯೇಕವಾಗಿ ಸೇರಿಸಿಕೊಳ್ಳಬೇಕು. ಲಿನಕ್ಸಿನಲ್ಲಿ 'ಎನ್‌ಸಿ' ಆಜ್ಞೆ ಇದೇ ಕೆಲಸ ಮಾಡುತ್ತದೆ.

ಇದಕ್ಕಿಂತ ಒಂದು ಹೆಜ್ಜೆ ಮುಂದಿನದು ಪೋಸ್ಟ್‌ಗ್ರೆಸ್ ಜೊತೆಗೇ ಬರುವ 'ಪಿಜಿ ಈಸ್‌ರೆಡಿ'. ಪಾಸ್‌ವರ್ಡ್ ಬೇಡ. ಡೇಟಾಬೇಸ್ ಸಂಪರ್ಕ ಒಪ್ಪುತ್ತಿದೆಯೇ, ಈಗಷ್ಟೇ ಏಳುತ್ತಿರುವುದರಿಂದ ತಳ್ಳಿಹಾಕುತ್ತಿದೆಯೇ, ಉತ್ತರವೇ ಇಲ್ಲವೇ ಎಂದು ಬೇರೆ ಬೇರೆಯಾಗಿ ಹೇಳುತ್ತದೆ. ಒರಾಕಲ್ ಬಳಸಿ ಬಂದವರು ನೆಚ್ಚಿಕೊಂಡಿರುವ 'ಟಿಎನ್‌ಎಸ್‌ಪಿಂಗ್' ಕರೆ ಸ್ವೀಕರಿಸುವ ಲಿಸನರ್ ಇದೆಯೇ ಎಂದಷ್ಟೇ ನೋಡುತ್ತದೆ. ಅದರ ಹಿಂದಿನ ಡೇಟಾಬೇಸ್ ಮಲಗಿದ್ದರೂ ಅದು 'ಓಕೆ' ಎಂದೇ ಹೇಳುತ್ತದೆ.

ಸರ್ವರಿನ ಮುಂದೆ ಕುಳಿತು ನೋಡಿದರೆ ಎಲ್ಲ ಸರಿಯಿದೆ. ಶಾಖೆಯಿಂದ ಮಾತ್ರ 'ರೆಫ್ಯೂಸ್ಡ್'. ಏಕೆ?

ಹೊಸದಾಗಿ ಹಾಕಿದ ಪೋಸ್ಟ್‌ಗ್ರೆಸ್ ತನ್ನ ಯಂತ್ರದೊಳಗಿಂದ ಬಂದವರಿಗೆ ಮಾತ್ರ ಉತ್ತರಿಸುತ್ತದೆ. 'ಪೋಸ್ಟ್‌ಗ್ರೆಸ್‌ಕ್ಯೂಎಲ್ ಡಾಟ್ ಕಾನ್ಫ್' ಕಡತದ 'ಲಿಸನ್ ಅಡ್ರೆಸಸ್' ಎಂಬಲ್ಲಿ ಮೊದಲಿಗೆ ಇರುವುದು 'ಲೋಕಲ್‌ಹೋಸ್ಟ್'. ಅದರ ಜೊತೆಗೆ ಶಾಖೆಗಳ ಕರೆ ಬಂದು ಮುಟ್ಟುವ ಸರ್ವರಿನದೇ ವಿಳಾಸವನ್ನು ಸೇರಿಸಬೇಕು. ನಕ್ಷತ್ರ ಚಿಹ್ನೆ ಹಾಕಿ ಎಲ್ಲ ವಿಳಾಸಗಳಿಗೂ ಬಿಟ್ಟುಬಿಡುವುದು ಸುಲಭವೇನೋ ಹೌದು, ಆದರೆ ನನಗೆ ಅದು ಒಪ್ಪಿಗೆಯಿಲ್ಲ. ಈ ಬದಲಾವಣೆಗೆ ರೀಲೋಡ್ (ಸೇವೆ ನಿಲ್ಲಿಸದೆ ಕಡತವನ್ನು ಮತ್ತೆ ಓದಿಸುವುದು) ಸಾಲದು, ಸೇವೆಯನ್ನು ನಿಲ್ಲಿಸಿ ಮತ್ತೆ ಆರಂಭಿಸಬೇಕು. ಕಡತ ಸರಿಯಾಗಿ ತಿದ್ದಿ ರೀಸ್ಟಾರ್ಟ್ ಮರೆತು ಮಧ್ಯಾಹ್ನದವರೆಗೆ ಫೈರ್‌ವಾಲ್ ಹುಡುಕಿದವರಲ್ಲಿ ನಾನೂ ಒಬ್ಬ. ಬದಲಾವಣೆ ನಿಜವಾಗಿ ಆಗಿದೆಯೇ ಎಂಬುದನ್ನು ಸರ್ವರಿನಲ್ಲಿ 'ಎಸ್‌ಎಸ್' ಆಜ್ಞೆಯಿಂದ ನೋಡಬಹುದು: 5432ರ ಹಿಂದೆ 127.0.0.1 ಮಾತ್ರ ಕಂಡರೆ ಆಗಿಲ್ಲ ಎಂದರ್ಥ.

'ನೋ ಪಿಜಿ ಎಚ್‌ಬಿಎ ಎಂಟ್ರಿ' ಎಂದು ಬರುತ್ತಿದೆ. ಪಾಸ್‌ವರ್ಡ್ ಬದಲಿಸಬೇಕೇ?

ಬೇಡ. ಇದು ಬಂತೆಂದರೆ ದಾರಿಯೆಲ್ಲ ಸರಿಯಿದೆ, ನೀವು ಡೇಟಾಬೇಸಿನ ಹೊಸ್ತಿಲಲ್ಲೇ ನಿಂತಿದ್ದೀರಿ, ಪಾಸ್‌ವರ್ಡ್ ಕೇಳುವ ಹಂತ ಇನ್ನೂ ಬಂದಿಲ್ಲ. ಯಾವ ಬಗೆಯ ಸಂಪರ್ಕ, ಯಾವ ಡೇಟಾಬೇಸ್, ಯಾವ ಬಳಕೆದಾರ, ಯಾವ ವಿಳಾಸ, ಹೇಗೆ ದೃಢೀಕರಿಸಬೇಕು ಎಂಬ ಐದು ಅಂಶಗಳ ಸಾಲುಗಳಿರುವ 'ಪಿಜಿ ಎಚ್‌ಬಿಎ ಡಾಟ್ ಕಾನ್ಫ್' ಕಡತದಲ್ಲಿ ನಿಮಗೆ ಹೊಂದುವ ಸಾಲು ಇಲ್ಲ. ಸಂದೇಶದಲ್ಲಿ ಸರ್ವರಿಗೆ ಕಂಡ ನಿಮ್ಮ ವಿಳಾಸವೂ ಇರುತ್ತದೆ, ಅದನ್ನು ನೋಡಿ. ನೀವು ಅಂದುಕೊಂಡ ವಿಳಾಸವೇ ಬೇರೆ, ಸರ್ವರಿಗೆ ಕಂಡದ್ದೇ ಬೇರೆ ಆಗಿರುವುದು ಬಹಳ ಸಲ.

ಈ ಕಡತವನ್ನು ಡೇಟಾಬೇಸ್ ಮೇಲಿನಿಂದ ಕೆಳಕ್ಕೆ ಓದಿ, ಮೊದಲು ಹೊಂದಿದ ಸಾಲಿನಲ್ಲೇ ತೀರ್ಮಾನ ಮಾಡುತ್ತದೆ. ಅಲ್ಲಿ ದೃಢೀಕರಣ ಸೋತರೆ ಕೆಳಗಿನ ಸಾಲನ್ನು ನೋಡುವುದೇ ಇಲ್ಲ. ಕೊಪ್ಪ ಶಾಖೆಗೆಂದು ಕಡತದ ಕೊನೆಯಲ್ಲಿ ಹೊಸ ಸಾಲು ಬರೆದಿದ್ದೆವು; ಆದರೆ ಮೇಲೆಲ್ಲೋ 10.8.0.0/24 ಪೂರ್ತಿಯನ್ನು, ಅಂದರೆ 10.8.0 ಎಂದು ಆರಂಭವಾಗುವ ಎಲ್ಲ ವಿಳಾಸಗಳನ್ನೂ, ತಿರಸ್ಕರಿಸುವ ಹಳೆಯ ಸಾಲೊಂದು ಕುಳಿತಿತ್ತು, ಕೊಪ್ಪದ 10.8.0.14 ಅದಕ್ಕೇ ಮೊದಲು ಹೊಂದುತ್ತಿತ್ತು. ಹೊಸ ಸಾಲು ಅದರ ಮೇಲಕ್ಕೆ ಹೋದ ಕೂಡಲೇ ಸರಿಹೋಯಿತು.

ಈ ಕಡತದ ಬದಲಾವಣೆಗೆ ರೀಲೋಡ್ ಸಾಕು, ಕೌಂಟರುಗಳನ್ನು ನಿಲ್ಲಿಸಬೇಕಾಗಿಲ್ಲ. ಸಾಲಿನಲ್ಲಿ ಅಕ್ಷರ ತಪ್ಪಿದೆಯೇ ಎಂದು 'ಪಿಜಿ ಎಚ್‌ಬಿಎ ಫೈಲ್ ರೂಲ್ಸ್' ಎಂಬ ನೋಟದಲ್ಲಿ ನೋಡಿದ ಮೇಲೆಯೇ ರೀಲೋಡ್ ಮಾಡಿ. ದೃಢೀಕರಣಕ್ಕೆ 'ಸ್ಕ್ರ್ಯಾಮ್-ಶಾ-256' ಹಾಕಬೇಕು. 'ಟ್ರಸ್ಟ್' ಎಂದು ಹಾಕಿದರೆ ಪಾಸ್‌ವರ್ಡ್ ಇಲ್ಲದೆಯೇ ಒಳಗೆ ಬಿಡುತ್ತದೆ, 'ಸುಮ್ಮನೆ ಪರೀಕ್ಷೆಗೆ' ಎಂದು ಹಾಕಿದ್ದನ್ನು ತೆಗೆಯಲು ಯಾರಿಗೂ ನೆನಪಿರುವುದಿಲ್ಲ.

ಮೈಎಸ್‌ಕ್ಯೂಎಲ್‌ಗೂ ಇದೇ ಕ್ರಮವೇ?

ತತ್ವ ಅದೇ, ಜಾಗ ಬೇರೆ. ಉಬುಂಟುವಿನಲ್ಲಿ ಹಾಕಿದಾಗ 'ಬೈಂಡ್-ಅಡ್ರೆಸ್' 127.0.0.1 ಆಗಿರುತ್ತದೆ. ಬಳಕೆದಾರರ ಹೆಸರಿನೊಂದಿಗೆ ಅವರು ಬರುವ ವಿಳಾಸವೂ ಸೇರಿಯೇ ಒಂದು ಖಾತೆಯಾಗುತ್ತದೆ; ಲೋಕಲ್‌ಹೋಸ್ಟ್‌ನ ಗುಮಾಸ್ತ ಬೇರೆ, 10.8.0.12ರ ಗುಮಾಸ್ತ ಬೇರೆ. ದೋಷ 2003 ಬಂದರೆ ಸರ್ವರ್ ಸಿಕ್ಕಿಲ್ಲ, 1130 ಬಂದರೆ ಆ ವಿಳಾಸದಿಂದ ಯಾರಿಗೂ ಅನುಮತಿ ಇಲ್ಲ, 1045 ಬಂದರೆ ಹೆಸರು ಅಥವಾ ಪಾಸ್‌ವರ್ಡ್ ಹೊಂದಿಲ್ಲ.

ಕರೆಂಟ್ ಹೋಗಿ ಬಂದ ಮೇಲೆ ಸಂಪರ್ಕ ಬರುತ್ತಿಲ್ಲ. ನಾವು ಏನನ್ನೂ ಮುಟ್ಟಿಲ್ಲ.

ಮಳೆಗಾಲದಲ್ಲಿ ಇದೇ ಹೆಚ್ಚು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಗೆ ಮರ ಬಿದ್ದು ತಂತಿ ಹರಿಯುವುದು, ಸಿಡಿಲಿಗೆ ಮೋಡೆಮ್ ಸುಡುವುದು ಕಣ್ಣಿಗೆ ಕಾಣುವ ಕಾರಣಗಳು. ಕಾಣದ ಕಾರಣ ಎರಡಿವೆ.

ಮೊದಲನೆಯದು, ಸ್ಥಿರ ಐಪಿ ಕೊಂಡಿಲ್ಲದಿದ್ದರೆ ರೂಟರ್ ಮತ್ತೆ ಎದ್ದಾಗ ಶಾಖೆಯ ಹೊರಗಿನ ವಿಳಾಸ ಬದಲಾಗಿರಬಹುದು. ಹಳೆಯ ವಿಳಾಸವನ್ನು ಫೈರ್‌ವಾಲಿನಲ್ಲಿ ಬರೆದಿಟ್ಟಿದ್ದರೆ ಅದು ಈಗ ಬೇರೆ ಯಾರದೋ ಮನೆಯದು. ರೂಟರಿನ ಪುಟದಲ್ಲಿ ನಿಮ್ಮ ವಿಳಾಸ 100.64ರಿಂದ 100.127ರ ನಡುವೆ ಆರಂಭವಾಗುತ್ತಿದ್ದರೆ ನೀವು ಒಂದೇ ಹೊರ ವಿಳಾಸವನ್ನು ಅನೇಕ ಗ್ರಾಹಕರೊಂದಿಗೆ ಹಂಚಿಕೊಂಡಿದ್ದೀರಿ. ಅಂಥಲ್ಲಿ ವಿಳಾಸ ನೋಡಿ ಒಳಬಿಡುವುದಕ್ಕೆ ಅರ್ಥವೇ ಇಲ್ಲ.

ಎರಡನೆಯದು ಗಡಿಯಾರ. ಹಳೆಯ ಕಂಪ್ಯೂಟರಿನ ಮದರ್‌ಬೋರ್ಡ್ ಸೆಲ್ ಮುಗಿದಿದ್ದರೆ ಕರೆಂಟ್ ಬಂದಾಗ ದಿನಾಂಕ ವರ್ಷಗಟ್ಟಲೆ ಹಿಂದಕ್ಕೆ ಹೋಗಿರುತ್ತದೆ. ನಾವು ಬಳಸುವ ವೈರ್‌ಗಾರ್ಡ್ ವಿಪಿಎನ್, ಪ್ರತಿ ಶಾಖೆಯಿಂದ ಹಿಂದೆ ಬಂದ ಸಮಯಕ್ಕಿಂತ ಹಳೆಯ ಸಮಯ ಹೊತ್ತು ಬಂದ ಕೋರಿಕೆಯನ್ನು ಉತ್ತರ ಕೊಡದೆ ಎಸೆಯುತ್ತದೆ. ಹೊಸನಗರದಲ್ಲಿ ಒಮ್ಮೆ ಎರಡು ದಿನ ಈ ತೊಂದರೆಯಿತ್ತು. ಸಾಫ್ಟ್‌ವೇರ್ ತೆಗೆದು ಮತ್ತೆ ಹಾಕಿ ಸೋತ ಮೇಲೆ, ಪರದೆಯ ಬಲಗಡೆ ಮೂಲೆಯಲ್ಲಿ 2009 ಎಂದಿದ್ದುದು ಕೌಂಟರಿನ ಹುಡುಗನ ಕಣ್ಣಿಗೆ ಬಿತ್ತು. ನಾಣ್ಯದಗಲದ ಒಂದು ಸೆಲ್ ಹಾಕಿದ್ದಷ್ಟೇ ರಿಪೇರಿ.

ಇಷ್ಟೆಲ್ಲ ಏಕೆ? ಕೇಂದ್ರ ಕಚೇರಿಯ ರೂಟರಿನಲ್ಲಿ 5432 ತೆರೆದಿಟ್ಟರಾಗದೇ?

ಆಗುತ್ತದೆ, ಆದರೆ ಆಗ ಶಾಖೆಗಳಿಗೆ ಮಾತ್ರವಲ್ಲ, ಜಗತ್ತಿಗೇ ತೆರೆದಂತೆ. ಸಾರ್ವಜನಿಕ ವಿಳಾಸದಲ್ಲಿ ತೆರೆದ ಡೇಟಾಬೇಸ್ ಪೋರ್ಟನ್ನು ಹುಡುಕುವ ಯಂತ್ರಗಳು ಹಗಲೂ ರಾತ್ರಿ ಸುತ್ತುತ್ತಿರುತ್ತವೆ. ಲಾಗ್ ತೆರೆದರೆ ಎಂದೂ ಕೇಳದ ವಿಳಾಸಗಳಿಂದ 'ಪೋಸ್ಟ್‌ಗ್ರೆಸ್' ಎಂಬ ಹೆಸರಿಗೆ ಪಾಸ್‌ವರ್ಡ್ ಊಹಿಸುವ ಪ್ರಯತ್ನಗಳು ಸಾಲುಗಟ್ಟಿರುತ್ತವೆ. ಡೇಟಾಬೇಸ್ ವಿಪಿಎನ್ ಒಳಗೇ ಇರಬೇಕು.

ವೈರ್‌ಗಾರ್ಡ್ ಮಾರ್ಚ್ 2020ರ ಲಿನಕ್ಸ್ 5.6ರಿಂದ ಕರ್ನಲ್‌ನಲ್ಲೇ ಸೇರಿದೆ. ಸರಿಯಾದ ಕೀಲಿ ಇಲ್ಲದವರಿಗೆ ಅದು ಉತ್ತರವನ್ನೇ ಕೊಡುವುದಿಲ್ಲ, ಹಾಗಾಗಿ ಹುಡುಕುವವರಿಗೆ ಅಲ್ಲಿ ಏನೂ ಇಲ್ಲದಂತೆ ಕಾಣುತ್ತದೆ. ಇದೇ ಕಾರಣಕ್ಕೆ ಪೋರ್ಟ್ ಪರೀಕ್ಷೆಯಿಂದ ಅದನ್ನು ನೋಡಲಾಗದು; 'ಲೇಟೆಸ್ಟ್ ಹ್ಯಾಂಡ್‌ಶೇಕ್' ಎಷ್ಟು ಹೊತ್ತಿನ ಹಿಂದೆ ಆಯಿತೆಂಬ ಸಾಲನ್ನು ನೋಡಬೇಕು. ಸಂಪರ್ಕ ಬಳಕೆಯಲ್ಲಿರುವಾಗ ಅದು ಮೂರು ನಿಮಿಷಕ್ಕಿಂತ ಹಳೆಯದಾಗಿದ್ದರೆ ಸುರಂಗ ಕಡಿದಿದೆ ಎಂದು ತಿಳಿಯಿರಿ. ಒಬ್ಬರೇ ಒಂದು ದಿನದ ಮಟ್ಟಿಗೆ ಹೊರಗಿನಿಂದ ಕೆಲಸ ಮಾಡಬೇಕಾದರೆ ಎಸ್‌ಎಸ್‌ಎಚ್ (ದೂರದ ಯಂತ್ರಕ್ಕೆ ಗೂಢಲಿಪಿಯಲ್ಲಿ ಲಾಗಿನ್ ಆಗುವ ವಿಧಾನ) ಸುರಂಗ ಸಾಕು.

ವಿಪಿಎನ್ ಇದ್ದ ಮೇಲೆ ಎಸ್‌ಎಸ್‌ಎಲ್ ಏಕೆ?

ಎಸ್‌ಎಸ್‌ಎಲ್ ಎಂದರೆ ಡೇಟಾಬೇಸ್ ಸಂಪರ್ಕಕ್ಕೇ ಹಾಕುವ ಗೂಢಲಿಪಿ. ವಿಪಿಎನ್ ಕೊನೆಗೊಳ್ಳುವುದು ಕೇಂದ್ರ ಕಚೇರಿಯ ರೂಟರಿನಲ್ಲಿ. ಅಲ್ಲಿಂದ ಸರ್ವರ್‌ವರೆಗಿನ ದಾರಿ ಬರಿದಾಗಿರುತ್ತದೆ. ಪೋಸ್ಟ್‌ಗ್ರೆಸ್‌ನ 'ಎಸ್‌ಎಸ್‌ಎಲ್ ಮೋಡ್' ಏನೂ ಹೇಳದಿದ್ದರೆ 'ಪ್ರಿಫರ್' ಆಗಿರುತ್ತದೆ, ಅಂದರೆ ಸಿಕ್ಕರೆ ಗೂಢಲಿಪಿ, ಇಲ್ಲದಿದ್ದರೆ ಬಯಲು. 'ರಿಕ್ವೈರ್' ಗೂಢಲಿಪಿಯನ್ನು ಕಡ್ಡಾಯ ಮಾಡುತ್ತದೆ, ಆದರೆ ಎದುರಿಗಿರುವುದು ನಮ್ಮ ಸರ್ವರೇ ಎಂಬ ಖಾತರಿ ಕೊಡುವುದಿಲ್ಲ. ಆ ಖಾತರಿ ಇರುವುದು 'ವೆರಿಫೈ-ಫುಲ್'ನಲ್ಲಿ ಮಾತ್ರ, ನಮ್ಮ ಶಾಖೆಗಳಲ್ಲಿ ಅದೇ ಇದೆ.

ಲಾಗಿನ್ ಆಗುತ್ತದೆ, ಸಣ್ಣ ಚೀಟಿ ಬರುತ್ತದೆ, ದೊಡ್ಡ ವರದಿ ಕೇಳಿದರೆ ಮಾತ್ರ ಅಲ್ಲೇ ನಿಲ್ಲುತ್ತದೆ. ಡೇಟಾಬೇಸ್ ನಿಧಾನವೇ?

ಡೇಟಾಬೇಸಿನ ಮೇಲೆ ಅನುಮಾನ ಬರುವುದು ಸಹಜ, ಆದರೆ ಈ ಲಕ್ಷಣಕ್ಕೆ ಹೆಚ್ಚಾಗಿ ಕಾರಣ ಪ್ಯಾಕೆಟ್ಟಿನ (ಮಾಹಿತಿಯನ್ನು ತುಂಡು ಮಾಡಿ ಕಳಿಸುವ ಕಟ್ಟು) ಗಾತ್ರ. ಸಾಮಾನ್ಯ ಈಥರ್ನೆಟ್‌ನಲ್ಲಿ ಒಂದು ಪ್ಯಾಕೆಟ್ 1500 ಬೈಟ್‌ವರೆಗೆ ಇರಬಹುದು. ಪಿಪಿಪಿಒಇ (ಹೆಸರು, ಪಾಸ್‌ವರ್ಡ್ ಕೊಟ್ಟು ಇಂಟರ್ನೆಟ್ ಕಂಪನಿಗೆ ಸೇರುವ ವಿಧಾನ) ಮೂಲಕ ಬರುವ ಫೈಬರ್‌ನಲ್ಲಿ 1492. ವೈರ್‌ಗಾರ್ಡ್ ತನ್ನ ಹೊದಿಕೆಗೆಂದು ಜಾಗ ಬಿಟ್ಟು 1420 ಇಟ್ಟುಕೊಳ್ಳುತ್ತದೆ. ದಾರಿಯಲ್ಲೊಂದು ಕಡೆ ಇದಕ್ಕಿಂತ ಕಿರಿದಾಗಿದ್ದು, 'ಚಿಕ್ಕದು ಮಾಡಿ ಕಳಿಸಿ' ಎಂದು ಹೇಳುವ ಐಸಿಎಂಪಿ ಸಂದೇಶವನ್ನು ಯಾರೋ ತಡೆದಿದ್ದರೆ, ಸಣ್ಣ ಪ್ಯಾಕೆಟ್‌ಗಳು ಹೋಗುತ್ತವೆ, ದೊಡ್ಡವು ಮಾಯವಾಗುತ್ತವೆ. ಗೋಣಿಚೀಲ ಹೊತ್ತವನು ಒಳದಾರಿಯ ತಡಮೆಯಲ್ಲಿ ಸಿಕ್ಕಿಕೊಂಡ ಹಾಗೆ. ಕೈಬೀಸಿಕೊಂಡು ಹೋಗುವವನಿಗೆ ಅದೇ ತಡಮೆ ಅಡ್ಡಿಯಲ್ಲ.

ಪರೀಕ್ಷೆ ಸುಲಭ. ವಿಂಡೋಸಿನ ಪಿಂಗ್‌ಗೆ 'ತುಂಡು ಮಾಡಬೇಡ' ಎಂಬ ಎಫ್ ಆಯ್ಕೆಯನ್ನೂ ಗಾತ್ರದ ಎಲ್ ಆಯ್ಕೆಯನ್ನೂ ಕೊಟ್ಟು, ಹೊರಗಿನ ವಿಳಾಸಕ್ಕೆ 1472ರಿಂದ ಇಳಿಸುತ್ತ ಬನ್ನಿ. ಉತ್ತರ ಬಂದ ಅತಿ ದೊಡ್ಡ ಸಂಖ್ಯೆಗೆ 28 ಕೂಡಿಸಿದರೆ ಆ ದಾರಿಯ ಅಗಲ ಸಿಗುತ್ತದೆ. ಪಿಪಿಪಿಒಇಯಲ್ಲಿ ಅದು 1464ಕ್ಕೆ ನಿಲ್ಲಬೇಕು. ಫೈಬರ್ ಕಡಿದು ಮೊಬೈಲ್ ಹಾಟ್‌ಸ್ಪಾಟಿಗೆ ಬದಲಿಸಿದ ದಿನವೇ ದೊಡ್ಡ ವರದಿ ನಿಂತರೆ, ವೈರ್‌ಗಾರ್ಡ್‌ನ ಎಂಟಿಯು (ಪ್ಯಾಕೆಟ್ಟಿನ ಗರಿಷ್ಠ ಗಾತ್ರ) 1280ಕ್ಕೆ ಇಳಿಸಿ ನೋಡಿ. ಸರ್ವರಿನ ಕಡೆಯ ಎಂಟಿಯು ಕೂಡ ಇಳಿಯಬೇಕಾಗಬಹುದು, ಏಕೆಂದರೆ ವರದಿಯ ಭಾರ ಬರುವುದು ಆ ಕಡೆಯಿಂದ.

ಊಟ ಮುಗಿಸಿ ಬಂದು ಮೊದಲ ಚೀಟಿ ಹಾಕಿದಾಗ ಸಂಪರ್ಕ ಕಡಿದಿರುತ್ತದೆ.

ಸುಮ್ಮನಿರುವ ಸಂಪರ್ಕವನ್ನು ನಡುವಿನ ರೂಟರುಗಳು ಕೆಲವು ಹೊತ್ತಿನ ನಂತರ ಮರೆತುಬಿಡುತ್ತವೆ, ಎರಡೂ ತುದಿಗಳಿಗೆ ಅದು ತಿಳಿಯುವುದೇ ಇಲ್ಲ. ಲಿನಕ್ಸ್ ತಾನಾಗಿ 'ಇದ್ದೀಯಾ' ಎಂದು ವಿಚಾರಿಸುವುದು 7200 ಸೆಕೆಂಡಿನ, ಅಂದರೆ ಎರಡು ಗಂಟೆಯ ನಂತರ. ಶಾಖೆಯ ಸಂಪರ್ಕದ ಸಾಲಿನಲ್ಲಿ 'ಕೀಪ್‌ಅಲೈವ್ಸ್ ಐಡಲ್' 60 ಎಂದೂ, ವೈರ್‌ಗಾರ್ಡ್‌ನಲ್ಲಿ 'ಪರ್ಸಿಸ್ಟೆಂಟ್ ಕೀಪ್‌ಅಲೈವ್' 25 ಎಂದೂ ಕೊಡಿ.

ಎಲ್ಲ ಸರಿಯಿದೆ, ಆದರೆ ದಿನದ ಪಟ್ಟಿ ಬರಲು ಹದಿನೆಂಟು ಸೆಕೆಂಡ್ ಬೇಕು. ಹೆಚ್ಚಿನ ವೇಗದ ಪ್ಲಾನ್ ಹಾಕಿಸಬೇಕೇ?

ಮೊದಲು ಲೆಕ್ಕ ಹಾಕೋಣ. ಪಟ್ಟಿಯಲ್ಲಿ 400 ರೈತರು. ಸಾಫ್ಟ್‌ವೇರ್ ಸರಕು, ಬೆಟ್ಟೆ, ರಾಶಿ, ಗೊರಬಲು ಎಂಬ ಅಡಿಕೆಯ ದರ್ಜೆಗಳ ತೂಕವನ್ನು ರೈತರಿಗೆ ಒಂದರಂತೆ ಪ್ರಶ್ನೆಯನ್ನು ಸರ್ವರಿಗೆ ಕಳಿಸಿ ತರುತ್ತದೆ. ಪಿಂಗ್ 45 ಮಿಲಿಸೆಕೆಂಡ್ ಇದ್ದರೆ 400 ಸಲ ಹೋಗಿ ಬರಲು 18 ಸೆಕೆಂಡ್. ಕೇಂದ್ರ ಕಚೇರಿಯ ಒಳಗೆ ಅರ್ಧ ಮಿಲಿಸೆಕೆಂಡಿನಲ್ಲಿ ಅದೇ ಕೆಲಸ 0.2 ಸೆಕೆಂಡಿನಲ್ಲಿ ಮುಗಿಯುತ್ತದೆ, ಆದ್ದರಿಂದ ಸಾಫ್ಟ್‌ವೇರ್ ಬರೆದವರಿಗೆ ಇದು ಕಂಡಿರುವುದಿಲ್ಲ. ಪ್ಲಾನ್ ಎಷ್ಟೇ ದೊಡ್ಡದಾದರೂ ಹೋಗಿಬರುವ ಹೊತ್ತು ಅದರಿಂದ ಕಡಿಮೆಯಾಗುವುದಿಲ್ಲ. 400 ಪ್ರಶ್ನೆಗಳನ್ನು ಒಂದೇ ಪ್ರಶ್ನೆಯಾಗಿ ಬರೆಸಬೇಕು. ತಯಾರಕರಿಗೆ ಪತ್ರ ಬರೆಯುವಾಗ ಈ ಲೆಕ್ಕವನ್ನೇ ಸೇರಿಸಿ.

ಕನ್ನಡದ ಹೆಸರುಗಳ ಬದಲು ಪ್ರಶ್ನಾರ್ಥಕ ಚಿಹ್ನೆಗಳು ಬರುತ್ತಿವೆ.

ಇದೂ ಸಂಪರ್ಕದ ಹೊಂದಾಣಿಕೆಯ ವಿಷಯವೇ. ಎರಡೂ ತುದಿಗಳು ಕನ್ನಡ ಲಿಪಿಯೂ ಹಿಡಿಸುವ ಯುಟಿಎಫ್-8 ಎಂದು ಒಪ್ಪಿಕೊಂಡಿರಬೇಕು. ಹಳೆಯ ಮೈಎಸ್‌ಕ್ಯೂಎಲ್ ಸಂಪರ್ಕ ಕನ್ನಡ ಹಿಡಿಸದ ಲ್ಯಾಟಿನ್-1ರಲ್ಲಿದ್ದಾಗ ಬರೆದ ಹೆಸರು ಪ್ರಶ್ನಾರ್ಥಕವಾಗಿಯೇ ಉಳಿದಿದ್ದರೆ ಅದನ್ನು ಮರಳಿ ಪಡೆಯಲಾಗದು, ಪಾಸ್‌ಬುಕ್ ನೋಡಿ ಮತ್ತೆ ಟೈಪ್ ಮಾಡಬೇಕು. ಚಿಹ್ನೆಗಳ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬಂದರೆ ಅದು ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದಿರಬಹುದು; ಹಾಗಿದ್ದರೆ ಅದನ್ನು ಯೂನಿಕೋಡಿಗೆ ಪರಿವರ್ತಿಸಬಹುದು.

ಫೋನ್ ಮಾಡುವ ಮೊದಲು ಏನನ್ನು ಬರೆದಿಟ್ಟುಕೊಳ್ಳಬೇಕು?

ಸಂದೇಶದ ಪೂರ್ತಿ ಪಾಠ ಅಥವಾ ಅದರ ಫೋಟೋ, ಸಮಯ, ಕಂಪ್ಯೂಟರಿನ ದಿನಾಂಕ, ಫೈಬರೋ ಹಾಟ್‌ಸ್ಪಾಟೋ, ಪೋರ್ಟ್ ಪರೀಕ್ಷೆಯ ಕೊನೆಯ ಸಾಲು, ಮತ್ತು ಬೇರೆ ಶಾಖೆಗೂ ಇದೇ ತೊಂದರೆಯೇ ಎಂಬುದು. ಅಷ್ಟರಲ್ಲಿ ಏನಾದರೂ ಬದಲಿಸಿದ್ದರೆ ಅದನ್ನೂ ಮುಚ್ಚಿಡದೆ ಹೇಳಿ. ರೈತರು ಕಾಯುತ್ತಿದ್ದರೆ ತೂಕವನ್ನು ಕೈಚೀಟಿಯಲ್ಲಿ ಎರಡು ಪ್ರತಿ ಬರೆದು, ಒಂದನ್ನು ಅವರಿಗೆ ಕೊಟ್ಟು ಕಳಿಸಿ. ಸಂಪರ್ಕ ಬಂದ ಮೇಲೆ ಕೈಚೀಟಿಯ ಸಂಖ್ಯೆಯನ್ನು ಷರಾ ಅಂಕಣದಲ್ಲಿ ಹಾಕಿ ದಾಖಲಿಸಿದರೆ ಸಂಜೆ ಲೆಕ್ಕ ತಾಳೆಯಾಗುತ್ತದೆ.